ಊರಿನ ಹಂಬಲ: ಅದರ ಬಗೆ ಮತ್ತು ಅದಕ್ಕೆ ಮದ್ದು

ಕಳೆದ ಬೇಸಿಗೆ ರಜೆಯಲ್ಲಿ ನಾವು ನಮ್ಮ ಹುಟ್ಟೂರಾದ ಚಿಲಮತ್ತೂರಿಗೆ ಹೋಗಿದ್ದಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಭೇಟಿ ಕೊಟ್ಟೆವು. ಆತ ಎಂಜಿನಿಯರಾಗಿ, ವಿಮಾನಗಳ ತಯಾರಿಕೆಗೆ ಹೆಸರಾದ ಫ್ರಾನ್ಸಿನ ತುಲೂಸ್ ನಗರದಲ್ಲಿ ಹಲವು ವರ್ಷ ದುಡಿದು, ಈಗ ಸಂಸಾರಸಮೇತನಾಗಿ ಬೆಂಗಳೂರಿಗೆ ಮರಳಿದ್ದಾನೆ. ಏಳು ವರ್ಷದ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ರಜೆ ಕಳೆಯಲು ಅಜ್ಜಿಯ ಮನೆಗೆ ಬಂದಿದ್ದಳು.

ನಾವು ಹೋದಾಗ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಹುಡುಗಿ ಬಿಳಿ ನೀಲಿ ಅಡ್ಡಪಟ್ಟೆಯ ಉದ್ದ ತೋಳಿನ ಅಂಗಿ ತೊಟ್ಟು, ಕೊರಳಿಗೊಂದು ತೆಳು ವಸ್ತ್ರ ಸುತ್ತಿಕೊಂಡು, ಪಡಸಾಲೆಯ ಮೂಲೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದಳು. ಬರುತ್ತಿದ್ದುದು ಫ್ರೆಂಚ್ ಭಾಷೆಯ ಮಕ್ಕಳ ಕಾರ್ಯಕ್ರಮ. ಅಜ್ಜಿ ನಮಗೆ ಮಜ್ಜಿಗೆ ಕೊಡುತ್ತಾ ಮೆಲ್ಲಗೆ ಹೇಳಿದರು: “ಮೇಷ್ಟ್ರೇ, ಈ ಮಗು ದಿನವೆಲ್ಲಾ ಇದನ್ನೇ ನೋಡುತ್ತೆ. ಈ ಸೆಕೆಯಲ್ಲಿ ಕೊರಳಿಗೆ ಬಟ್ಟೆ ಬೇರೆ. ನನ್ನನ್ನು ಅವ್ವ ಅನ್ನಲ್ಲ, ಮಾಮಿ ಅನ್ನುತ್ತೆ. ರಾತ್ರಿ ಮನೆಗೆ ಹೋಗೋಣ ಅಂತ ಅಳುತ್ತೆ. ಇದು ಅದರ ಮನೆಯಲ್ಲವಾ?”

ಆ ಕೊನೆಯ ಪ್ರಶ್ನೆ ಕೇಳುವಾಗ ಅವರ ಕಣ್ಣು ತುಂಬಿತ್ತು. ನಾವು ಆಗ ಏನೋ ಸಮಾಧಾನ ಹೇಳಿ ಬಂದೆವು. ಆದರೆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಹತ್ತನೆಯ ತರಗತಿ ಮುಗಿಸಿ ಪ್ರತಿವರ್ಷ ನಮ್ಮ ಮಕ್ಕಳು ಹಿಂದೂಪುರಕ್ಕೆ, ಅನಂತಪುರಕ್ಕೆ, ಬೆಂಗಳೂರಿಗೆ ಹಾಸ್ಟೆಲು ಸೇರಲು ಹೋಗುತ್ತಾರೆ. ಕೆಲವರು ತಿಂಗಳೊಳಗೆ ಪೆಟ್ಟಿಗೆ ಹೊತ್ತು ಮರಳಿ ಬರುತ್ತಾರೆ. ತಂದೆತಾಯಿಗಳು ಅದನ್ನು ಹೇಡಿತನವೆಂದೋ ಸೋಮಾರಿತನವೆಂದೋ ಬಗೆಯುತ್ತಾರೆ. ಆದ್ದರಿಂದ ಊರಿನ ಹಂಬಲವೆಂದರೇನು, ದೂರದ ದನಿ ಮತ್ತು ಉಡುಗೆ ಅದನ್ನು ಹೇಗೆ ತಣಿಸುತ್ತವೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಹೆಸರು ಬಂದ ಬಗೆ

ಈ ನೋವಿಗೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ನಾವು ಕನ್ನಡದಲ್ಲಿ ಹಂಬಲ ಎನ್ನುತ್ತೇವೆ. ನಮ್ಮ ನೆರೆಯ ತೆಲುಗಿನಲ್ಲಿ ‘ಬೆಂಗ’ ಎಂಬ ಎರಡಕ್ಷರದ ಮಾತಿದೆ. ಮಗು ತಾಯಿಯಿಂದ ದೂರವಾಗಿ ಸೊರಗಿದರೆ ಬೆಂಗ ಹಿಡಿದಿದೆ ಎನ್ನುವುದುಂಟು. ಫ್ರೆಂಚರು ‘ಮಾಲ್ ದ್ಯು ಪೇಯಿ’ ಎನ್ನುತ್ತಾರೆ. ಎಂದರೆ ನಾಡಿನ ನೋವು.

ಇದಕ್ಕೆ ವೈದ್ಯಶಾಸ್ತ್ರದ ಹೆಸರು ಕೊಟ್ಟವನು ಸ್ವಿಟ್ಜರ್ಲೆಂಡಿನ ಯೋಹಾನೆಸ್ ಹೋಫರ್. 1688ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಅವನು ಬರೆದ ಪ್ರಬಂಧದಲ್ಲಿ ‘ನಾಸ್ಟಾಲ್ಜಿಯಾ’ ಎಂಬ ಶಬ್ದವನ್ನು ಮೊದಲು ಬಳಸಿದನು. ಗ್ರೀಕಿನಲ್ಲಿ ‘ನೋಸ್ಟೋಸ್’ ಎಂದರೆ ಮನೆಗೆ ಮರಳುವುದು, ‘ಆಲ್ಗೋಸ್’ ಎಂದರೆ ನೋವು. ಎರಡನ್ನೂ ಬೆಸೆದು ಈ ಹೆಸರು ಕಟ್ಟಿದನು. ಬರ್ನ್ ಪಟ್ಟಣದಿಂದ ಬಾಸೆಲ್ಲಿಗೆ ಓದಲು ಬಂದ ತರುಣನೊಬ್ಬನ ಕಥೆಯನ್ನು ಅವನು ಅಲ್ಲಿ ಹೇಳಿದ್ದಾನೆ. ಆ ತರುಣ ಬಹುಕಾಲ ಕೊರಗಿ, ಜ್ವರ ಹಿಡಿದು, ಸಾಯುವ ಸ್ಥಿತಿಗೆ ಬಂದನು. ಕೊನೆಗೆ ಮನೆಗೆ ಕಳುಹಿಸುವುದೆಂದು ತೀರ್ಮಾನವಾಯಿತು. ಊರು ಇನ್ನೂ ದೂರವಿರುವಾಗಲೇ, ದಾರಿಯಲ್ಲಿಯೇ ಅವನು ಚೇತರಿಸಿಕೊಂಡನು! ಬರ್ನಿಗೂ ಬಾಸೆಲ್ಲಿಗೂ ನಡುವಣ ದೂರ ನೂರು ಕಿಲೋಮೀಟರಿನಷ್ಟು. ಚಿಲಮತ್ತೂರಿಗೂ ಬೆಂಗಳೂರಿಗೂ ಇರುವಷ್ಟೇ ಎನ್ನಬಹುದು. ಹಂಬಲ ಕಿಲೋಮೀಟರಿನ ಲೆಕ್ಕದಲ್ಲಿ ಬರುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಆ ಕಾಲದಲ್ಲಿ ಸ್ವಿಸ್ ಸೈನಿಕರು ಫ್ರಾನ್ಸ್ ಮೊದಲಾದ ಪರದೇಶಗಳಲ್ಲಿ ಕೂಲಿಗೆ ಕಾದಾಡುತ್ತಿದ್ದರು. ಅವರ ನಾಡಿನ ದನಗಾಹಿಗಳು ದನಗಳನ್ನು ಕರೆಯಲು ಹಾಡುವ ಒಂದು ರಾಗವಿತ್ತು. ಅದನ್ನು ಕೇಳಿದ ಸೈನಿಕರು ಅಳುತ್ತಿದ್ದರು, ದಂಡು ಬಿಟ್ಟು ಓಡುತ್ತಿದ್ದರು; ಆದ್ದರಿಂದ ಅದನ್ನು ದಂಡಿನಲ್ಲಿ ನುಡಿಸುವುದನ್ನು ನಿಷೇಧಿಸಲಾಗಿತ್ತು ಎಂದು ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಅವನ ವಿವರಣೆ ಇನ್ನೂ ಸೊಗಸಾದುದು. ಆ ರಾಗದಲ್ಲಿ ಅಂಥ ಶಕ್ತಿಯೇನೂ ಇಲ್ಲ. ಪರಕೀಯರಿಗೆ ಅದು ಏನನ್ನೂ ಮಾಡದು. ಕೇಳುವವನ ಬಾಲ್ಯ, ಹಳೆಯ ಬದುಕು, ಕಳೆದುಹೋದ ಸುಖ ಅದರ ಜೊತೆ ಎದ್ದುಬರುವುದರಿಂದಲೇ ಅದರ ಪ್ರಭಾವ ಎಂಬುದು ಅವನ ಅಭಿಪ್ರಾಯ. ನಮ್ಮ ಹುಡುಗಿಗೆ ಆ ಕಾರ್ಯಕ್ರಮದ ಬೊಂಬೆಗಳಷ್ಟೇ ಬೇಕಾಗಿರಲಿಲ್ಲ. ಅದನ್ನು ನೋಡುತ್ತಿದ್ದ ಅಲ್ಲಿಯ ಸಂಜೆ, ಅಲ್ಲಿಯ ಕಿಟಕಿ, ಅಲ್ಲಿಯ ಗೆಳತಿಯರು ಬೇಕಾಗಿದ್ದರು.

ಗಡಿ ದಾಟುವ ದನಿ

ಇನ್ನು ದೂರದ ದನಿ ನಮ್ಮನ್ನು ಹೇಗೆ ತಲುಪುತ್ತದೆ ಎಂಬುದನ್ನು ನೋಡೋಣ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಸಣ್ಣ ಬಾನುಲಿ ಕೇಂದ್ರ ಆರಂಭಿಸಿದರು. ಅವರು ಬೋಧಿಸುತ್ತಿದ್ದ ವಿಷಯ ಮನಶ್ಶಾಸ್ತ್ರ. ಮನಸ್ಸನ್ನು ಓದುವವರೇ ಬಾನುಲಿಯನ್ನು ತಂದರೆಂಬುದು ಗಮನಿಸತಕ್ಕ ಸಂಗತಿ. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ನಿಂತಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಬಂದಿತು. ಅದರ ಮರುವರ್ಷ, 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಗೊತ್ತಾಯಿತು. ಕನ್ನಡ ಮನೆಮಾತಿನ ಅನೇಕರು ಆಂಧ್ರದಲ್ಲಿಯೇ ಉಳಿದರು. ಕಾಗದದ ಮೇಲೆ ಗೀಟು ಬಿದ್ದಿತು. ಆದರೆ ಅಲೆಗಳಿಗೆ ಗೀಟಿನ ಪರಿವೆಯಿಲ್ಲ.

ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಬರುತ್ತಿತ್ತು. ಅದರ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರು. ಇಷ್ಟು ಉದ್ದದ ಅಲೆ ಹಗಲಿನಲ್ಲಿ ನೆಲವನ್ನು ಹಿಡಿದು, ಬೆಟ್ಟಗುಡ್ಡಗಳನ್ನು ಬಳಸಿಕೊಂಡು ಸಾಗುತ್ತದೆ. ಆಕಾಶದತ್ತ ಹೋದ ಅಲೆಯನ್ನು ಹಗಲು ಹೊತ್ತು ಮೇಲಿನ ವಾಯುಮಂಡಲದ ಒಂದು ವಿದ್ಯುತ್ ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿರುವ ಬೇರೆ ಪದರಗಳಿಗೆ ತಾಗಿ, ಕನ್ನಡಿಗೆ ಬಿದ್ದ ಬೆಳಕಿನಂತೆ ನೂರಾರು ಕಿಲೋಮೀಟರು ದೂರದಲ್ಲಿ ನೆಲಕ್ಕೆ ಇಳಿಯುತ್ತದೆ. ಹಗಲು ಕೇಳದ ಊರಿನ ದನಿ ರಾತ್ರಿ ಕೇಳುವುದು ಹೀಗೆ.

ದೂರದರ್ಶನದ ರೀತಿ ಬೇರೆ. ಬೆಂಗಳೂರು ದೂರದರ್ಶನ ಆರಂಭವಾದುದು 1981ರ ನವೆಂಬರ್ 1ರಂದು. ಟಿ.ವಿ.ಯ ಅಲೆಗಳು ಗಿಡ್ಡ. ಅವು ಬೆಳಕಿನಂತೆ ನೇರವಾಗಿ ಸಾಗುವುದರಿಂದ ಬೆಟ್ಟ ಅಡ್ಡ ಬಂದರೆ ತಡೆಯುತ್ತದೆ. ನಮ್ಮ ಬಾಲ್ಯದಲ್ಲಿ ಬಿದಿರುಗಳದ ತುದಿಗೆ ಆಂಟೆನಾ ಕಟ್ಟಿ, ದಕ್ಷಿಣಕ್ಕೆ ತಿರುಗಿಸಿ, ಮಾಳಿಗೆಯ ಮೇಲೊಬ್ಬರು ಕೆಳಗೊಬ್ಬರು ನಿಂತು “ಬಂತಾ? ಬಂತಾ?” ಎಂದು ಕೂಗಾಡುತ್ತಿದ್ದುದು ನೆನಪಿದೆ. ಪರದೆಯ ತುಂಬ ಬಿಳಿಯ ಚುಕ್ಕಿಗಳ ನಡುವೆ ಯಾರೋ ಕನ್ನಡ ಮಾತನಾಡುತ್ತಿದ್ದರು. ಮುಂದೆ ಉಪಗ್ರಹಗಳ ಕಾಲ ಬಂತು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಲ್ಲಿಸಿದ ಉಪಗ್ರಹ, ಭೂಮಿ ತಿರುಗಿದಷ್ಟೇ ವೇಗದಲ್ಲಿ ಸುತ್ತುವುದರಿಂದ ಒಂದೇ ಕಡೆ ನಿಂತಂತೆ ಇರುತ್ತದೆ. ಅದಕ್ಕೆ ಯಾವ ಬೆಟ್ಟವೂ ಅಡ್ಡವಲ್ಲ. 1994ರ ಜೂನಿನಲ್ಲಿ ಉದಯ ಟಿ.ವಿ. ಹುಟ್ಟಿದ ಮೇಲೆ ಗಡಿನಾಡಿನ ಮನೆಗಳಲ್ಲಿ ಆಂಟೆನಾ ತಿರುಗಿಸುವ ಕೆಲಸ ತಪ್ಪಿತು.

ಫ್ರೆಂಚರೂ ಇದನ್ನೇ ಮಾಡಿದರು. 1984ರ ಜನವರಿ 2ರಂದು ಫ್ರಾನ್ಸ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್ ದೇಶಗಳ ಐದು ವಾಹಿನಿಗಳು ಕೂಡಿ ‘ಟಿ.ವಿ. ಐದು’ ಎಂಬ ಫ್ರೆಂಚ್ ಭಾಷೆಯ ಉಪಗ್ರಹ ವಾಹಿನಿಯನ್ನು ಆರಂಭಿಸಿದವು. ದೇಶ ಮೂರು, ಭಾಷೆ ಒಂದು. ಒಂದು ಭಾಷೆಯ ಜನ ಹಲವು ಗಡಿಗಳಲ್ಲಿ ಹಂಚಿಹೋಗಿದ್ದಾರೆಂಬುದು ಅವರಿಗೂ ತಿಳಿದಿತ್ತು. ಇಂದು ಲೋಕದ ಯಾವ ಮೂಲೆಯಲ್ಲಿರುವ ಫ್ರೆಂಚನಾದರೂ ಸಂಜೆ ತನ್ನ ಭಾಷೆಯ ವಾರ್ತೆ ಕೇಳಬಲ್ಲನು. ನಮ್ಮ ಹುಡುಗಿಯೂ ಚಿಲಮತ್ತೂರಿನ ಪಡಸಾಲೆಯಲ್ಲಿ ಮಾಡುತ್ತಿದ್ದುದು ಅದನ್ನೇ.

ಉಡುಗೆಯೂ ಒಂದು ಮನೆ

ದನಿಯಂತೆ ಉಡುಗೆಯೂ ಮನೆಯ ನೆನಪನ್ನು ಹೊರುತ್ತದೆ. ಆ ಹುಡುಗಿ ತೊಟ್ಟಿದ್ದ ಪಟ್ಟೆಯಂಗಿ ಮೂಲದಲ್ಲಿ ಫ್ರೆಂಚ್ ನೌಕಾಪಡೆಯ ನಾವಿಕರ ಸಮವಸ್ತ್ರ. ಮೈಗೆ ಇಪ್ಪತ್ತೊಂದು ಬಿಳಿ ಪಟ್ಟೆಗಳಿರಬೇಕೆಂದು 1858ರ ಸರ್ಕಾರಿ ಆದೇಶ ಎಣಿಸಿ ಹೇಳಿತ್ತು. ಕಾಲಕ್ರಮದಲ್ಲಿ ಅದು ಹಡಗಿನಿಂದಿಳಿದು ಊರವರ ಅಂಗಿಯಾಯಿತು. ಕಂಡೊಡನೆ ಫ್ರಾನ್ಸನ್ನು ನೆನಪಿಸುವ ಗುರುತಾಯಿತು.

ನಮ್ಮಲ್ಲಿ ಇಂಥವು ಇಲ್ಲವೇ? ರಾಯದುರ್ಗದ ಸೀಮೆಗೆ ನೆರೆಯದೇ ಆದ ಮೊಳಕಾಲ್ಮೂರಿನ ರೇಷ್ಮೆ ಸೀರೆ, ನಮ್ಮ ಜಿಲ್ಲೆಯ ಧರ್ಮಾವರದ ಸೀರೆ, ಉತ್ತರದ ಇಳಕಲ್ಲಿನ ಸೀರೆ, ಇವನ್ನು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಪರದೇಶಕ್ಕೆ ಹೋಗದ ನಮ್ಮ ಹೆಣ್ಣುಮಕ್ಕಳು ವಿರಳ. ಹಬ್ಬದ ದಿನ ಉಟ್ಟಾಗ ಅವರಿಗೆ ಆಗುವ ಸುಖ ಬರಿಯ ಅಲಂಕಾರದ್ದಲ್ಲ. ಅಜ್ಜಿಗೆ ಸೆಕೆಯ ಹೊತ್ತಿನ ಹುಚ್ಚಾಟವೆಂದು ಕಂಡ ಕೊರಳ ವಸ್ತ್ರ, ಮೊಮ್ಮಗಳಿಗೆ ಪೆಟ್ಟಿಗೆಯ ತಳದ ಸೀರೆಯಾಗಿತ್ತು.

ನಮ್ಮದೇ ಒಂದು ಅನುಭವ

ಇಷ್ಟನ್ನು ನಾವು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನಾವು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಓದಿದವರು. ಶಿಕ್ಷಕರ ತರಬೇತಿಗೆಂದು ಕರಾವಳಿ ಆಂಧ್ರದ ಒಂದು ಪಟ್ಟಣಕ್ಕೆ ಹೋದಾಗ ಭಾಷೆಯ ತೊಂದರೆ ಇರದೆಂದು ನಂಬಿದ್ದೆವು. ಆದರೆ ನಾವು ಬಾಯಿ ತೆರೆದೊಡನೆ ಕೋಣೆಯ ಜೊತೆಗಾರರು ನಕ್ಕರು. ನಮ್ಮ ತೆಲುಗು ಅವರಿಗೆ ಕನ್ನಡದಂತೆ ಕೇಳಿಸಿತು. ಹೋಳಿಗೆಗೆ ನಮ್ಮ ಕಡೆಯ ತೆಲುಗರು ಓಳಿಗ ಎನ್ನುವುದನ್ನು ಕೇಳಿ, ಅವರು ಬೊಬ್ಬಟ್ಟು ಎಂದು ತಿದ್ದಿದರು. ಮೂರು ಹೊತ್ತೂ ಅನ್ನ, ಮುದ್ದೆಯ ಸುಳಿವಿಲ್ಲ. ಎರಡು ವಾರಗಳಲ್ಲಿ ಊಟ ಸೇರದಾಯಿತು.

ನಮ್ಮ ಬಳಿ ಒಂದು ಪುಟ್ಟ ಟ್ರಾನ್ಸಿಸ್ಟರ್ ಇತ್ತು. ಹಗಲು ಬೆಂಗಳೂರು ಬರುತ್ತಿರಲಿಲ್ಲ. ಒಂದು ರಾತ್ರಿ ಸುಮ್ಮನೆ ಮುಳ್ಳು ತಿರುಗಿಸುತ್ತಿದ್ದಾಗ, ಸಮುದ್ರದ ಮೊರೆತದಂಥ ಸದ್ದಿನ ನಡುವಿನಿಂದ ಕನ್ನಡ ಕೇಳಿತು. ಯಾರೋ ಒಬ್ಬರು ರಾಗಿಯ ಪೈರಿಗೆ ಬರುವ ರೋಗದ ಬಗ್ಗೆ ಮಾತನಾಡುತ್ತಿದ್ದರು. ರಾಗಿಯ ರೋಗದ ಮಾತು ಕೇಳಿ ಅತ್ತವರು ಬಹುಶಃ ನಾವೊಬ್ಬರೇ ಇರಬೇಕು!

ಅಂದಿನಿಂದ ರಾತ್ರಿಯಾಗುವುದನ್ನೇ ಕಾಯತೊಡಗಿದೆವು. ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಸಂಜೆಯಾದೊಡನೆ ಮುಸುಕು ಹಾಕಿ ಬಾನುಲಿಗೆ ಕಿವಿಗೊಟ್ಟು ಮಲಗುತ್ತಿದ್ದೆವು. ಯಾರೊಡನೆಯೂ ಮಾತಿಲ್ಲ. ಬಾನುಲಿ ಮುಗಿದ ಮೇಲೆ ಹಂಬಲ ಮೊದಲಿಗಿಂತ ಹೆಚ್ಚಾಗುತ್ತಿತ್ತು. ಒಂದು ದಿನ ಪೆಟ್ಟಿಗೆ ಕಟ್ಟಿಯೂ ಬಿಟ್ಟೆವು. ಆಗ ಕೋಣೆಯ ಜೊತೆಗಾರನೊಬ್ಬ, ಮೊದಲ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು, ಹಾಸಿಗೆಯ ಅಂಚಿನಲ್ಲಿ ಕುಳಿತು, “ಆ ರೇಡಿಯೋದಲ್ಲಿ ದಿನವೂ ಏನು ಹೇಳುತ್ತಾರೆ? ನನಗೂ ಹೇಳು” ಎಂದನು. ನಾವು ತೆಲುಗಿನಲ್ಲಿ ಅರ್ಥ ಹೇಳಿದೆವು. ಮರುದಿನ ಅವನು ಗೋದಾವರಿಯ ಕಡೆಯ ತನ್ನ ಊರಿನ ಹಾಡು ಹೇಳಿದನು. ಪೆಟ್ಟಿಗೆ ಬಿಚ್ಚಿದೆವು. ತರಬೇತಿ ಮುಗಿಸಿದೆವು. ಇಂದು ನಿಮ್ಮ ಮುಂದೆ ನಿಂತು ಪಾಠ ಹೇಳುತ್ತಿರುವುದಕ್ಕೆ ಆ ಪ್ರಶ್ನೆಯೇ ಕಾರಣ.

ಆಗ ನಮಗೆ ಇನ್ನೊಂದು ವಿಷಯ ತಿಳಿಯಿತು. ನಾವು ಹಂಬಲಿಸಿದ್ದು ಬೆಂಗಳೂರಿನ ಕನ್ನಡವನ್ನೂ ಅಲ್ಲ. ರಜೆಗೆಂದು ಬರುವಾಗ ಕೊಡಿಕೊಂಡದ ಬಳಿ ಬಸ್ಸಿನೊಳಗೆ ಇಬ್ಬರು ಹೆಂಗಸರು ತೆಲುಗಿನ ವಾಕ್ಯವನ್ನು ಆರಂಭಿಸಿ ಕನ್ನಡದಲ್ಲಿ ಮುಗಿಸುತ್ತಿದ್ದುದನ್ನು ಕೇಳಿದಾಗಲೇ ಎದೆ ಹಗುರವಾದುದು. ನಮ್ಮ ಮನೆ ಅದು: ಎರಡು ಭಾಷೆಗಳ ನಡುವಣ ಪಡಸಾಲೆ. ಹತ್ತಿರದ ಲೇಪಾಕ್ಷಿಯ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಮಡಕಶಿರಾ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ಈ ಬೆರಕೆ ನಿನ್ನೆ ಮೊನ್ನೆಯದಲ್ಲ.

ಎರಡು ಮನೆಗಳ ಬಾಳು

ಹಾಗಾದರೆ ಹಂಬಲ ಒಳ್ಳೆಯದೋ ಕೆಟ್ಟದ್ದೋ? ಹೋಫರನು ಅದನ್ನು ರೋಗವೆಂದನು. ಈಚಿನವರು ಹಾಗೆನ್ನುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವೈಲ್ಡ್‌ಶಟ್, ಸೆಡಿಕಿಡೀಸ್ ಮೊದಲಾದವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯದನ್ನು ನೆನೆಯುವುದರಿಂದ ತಮ್ಮನ್ನು ಪ್ರೀತಿಸುವವರಿದ್ದಾರೆಂಬ ಭಾವ ಬಲಗೊಳ್ಳುತ್ತದೆಂದು ಕಂಡುಕೊಂಡರು. ಒಂಟಿತನ ನೆನಪನ್ನು ಕರೆಯುತ್ತದೆ. ನೆನಪು ಬಂದು ಒಂಟಿತನವನ್ನು ಕಳೆಯುತ್ತದೆ. ಆದರೆ ನಮ್ಮ ಅನುಭವ ಹೇಳುವಂತೆ, ಮದ್ದಿಗೂ ಒಂದು ಅಳತೆಯಿದೆ. ಮುಸುಕಿನೊಳಗಿನ ಬಾನುಲಿ ಮನುಷ್ಯನನ್ನು ಕೋಣೆಯಲ್ಲಿ ಕಟ್ಟಿಹಾಕುತ್ತದೆ. ಜೊತೆಗಾರನಿಗೆ ಅರ್ಥ ಹೇಳಿದ ಬಾನುಲಿ ಹೊಸ ಊರಿಗೆ ಬಾಗಿಲು ತೆರೆಯುತ್ತದೆ.

ಊರು ಬಿಟ್ಟೂ ಎರಡು ಕಡೆ ಸಮೃದ್ಧವಾಗಿ ಬಾಳಿದವರು ನಮ್ಮ ಸೀಮೆಯಲ್ಲಿಯೇ ಇದ್ದಾರೆ. ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಎಳೆಯ ವಯಸ್ಸಿನಲ್ಲಿಯೇ ಮೈಸೂರಿಗೆ ಹೋದರು. ಮುಂದೆ ಗೋಪಾಲಸ್ವಾಮಿಯವರಿದ್ದ ಅದೇ ಮಹಾರಾಜಾ ಕಾಲೇಜಿನಲ್ಲಿ ಹಲವು ದಶಕ ತೆಲುಗು ಬೋಧಿಸಿದರು. ಕನ್ನಡ ನಾಡಿನ ನಡುವೆ ತೆಲುಗನ್ನು ಬಿಡಲಿಲ್ಲ. ಕನ್ನಡವನ್ನೂ ದೂರವಿಡಲಿಲ್ಲ, ಅದರಲ್ಲಿಯೂ ಬರೆದರು. ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಸಂಯೋಜಿಸಿದರು. 1974ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ನೀಡಿತು. 1979ರಲ್ಲಿ ಕಾಲವಾದರು. ಇಂಥವರ ಬಾಳನ್ನು ನೋಡಿದರೆ, ತಾಯ್ನುಡಿಯನ್ನು ಉಳಿಸಿಕೊಳ್ಳುವುದೂ ಬಂದ ಊರಿನ ನುಡಿಯನ್ನು ಕಲಿಯುವುದೂ ಒಂದಕ್ಕೊಂದು ವಿರೋಧವಲ್ಲವೆಂದು ತಿಳಿಯುತ್ತದೆ.

ಆದ್ದರಿಂದ ಊರು ಬಿಡಲಿರುವ ವಿದ್ಯಾರ್ಥಿಗಳೇ, ನಿಮಗೆ ನಾಲ್ಕು ಮಾತು. ಹಂಬಲ ಬಂದರೆ ನಾಚಬೇಡಿ. ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಕನ್ನಡ ವಾರ್ತೆ, ಹಾಡು, ನಾಟಕಗಳಿಗೆ ದಿನದಲ್ಲಿ ಒಂದು ಹೊತ್ತು ಇಡಿ; ಇಡೀ ದಿನ ಇಡಬೇಡಿ. ಮನೆಯಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ಬಂದರೆ ಮುಚ್ಚಿಟ್ಟು ತಿನ್ನದೆ ಪಕ್ಕದವರಿಗೂ ಬಡಿಸಿ. ಪಕ್ಕದವರ ಊರಿನ ಒಂದು ಹಾಡು, ಒಂದು ತಿಂಡಿ, ಹತ್ತು ಮಾತು ಕಲಿಯಿರಿ.

ಪಾಲಕರಿಗೂ ಒಂದು ವಿಜ್ಞಾಪನೆ. ಮಗು ದೂರವಾಣಿಯಲ್ಲಿ ಅತ್ತರೆ “ಹೇಡಿ” ಎನ್ನಬೇಡಿ. “ಈಗಲೇ ಬಂದುಬಿಡು” ಎಂದೂ ಹೇಳಬೇಡಿ. ಏನು ಉಂಡೆ, ಯಾರು ಗೆಳೆಯರಾದರು ಎಂದು ಕೇಳಿ. ಊಟ ನಿದ್ದೆ ಬಿಟ್ಟು ಸೊರಗುತ್ತಿದ್ದರೆ ಮಾತ್ರ ತಡಮಾಡದೆ ಹೋಗಿ ನೋಡಿ, ವೈದ್ಯರ ಸಲಹೆ ಪಡೆಯಿರಿ. ನಗರದಿಂದಲೋ ಪರದೇಶದಿಂದಲೋ ಮೊಮ್ಮಕ್ಕಳು ಬಂದು ತಮ್ಮ ಊರಿಗಾಗಿ ಹಂಬಲಿಸಿದರೆ, ಅದು ನಿಮ್ಮ ಮೇಲಿನ ಅಪ್ರೀತಿಯಲ್ಲ. ಮಗುವಿಗೆ ಮನೆಯೆಂದರೆ ಅದು ಮೊದಲು ಮಾತು ಕಲಿತ ಜಾಗ. ಎರಡನೆಯ ಮನೆ ಕಟ್ಟಲು ಕಾಲ ಬೇಕು.

ಹೀಗೆಲ್ಲಾ ಯೋಚಿಸಿ ನಾವು ರಜೆ ಮುಗಿಯುವ ಮುನ್ನ ಮತ್ತೊಮ್ಮೆ ಆ ಮನೆಗೆ ಹೋದೆವು. ‘ಮಾಮಿ’ ಎಂದರೆ ಫ್ರೆಂಚಿನಲ್ಲಿ ಅಜ್ಜಿಯೆಂದೇ ಅರ್ಥ, ಮಗು ನಿಮ್ಮನ್ನು ಹೊರಗಿನವರಂತೆ ಕರೆಯುತ್ತಿಲ್ಲ ಎಂದು ತಿಳಿಸಿದೆವು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದರು. ಅನಂತರ ಮಗುವಿನ ಪಕ್ಕ ಚಾಪೆಯ ಮೇಲೆ ಕುಳಿತು ಟಿ.ವಿ. ನೋಡುತ್ತಾ, “ಆ ನರಿ ಏನಂತಿದೆ, ನನಗೂ ಹೇಳು” ಎಂದರು. ಹುಡುಗಿ ಅಜ್ಜಿಯತ್ತ ತಿರುಗಿ ತನಗೆ ಬರುವಷ್ಟು ಕನ್ನಡದಲ್ಲಿ, ಬಾರದ ಕಡೆ ಕೈಸನ್ನೆಯಲ್ಲಿ, ಕಥೆ ಹೇಳತೊಡಗಿದಳು.